ಏಟ್ ಅಂದ್ರೆ ತಿಂದೆ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಈಗಲೂ ನನಗೆ ಮೂರು ಇಂಗ್ಲಿಷ್ ಅಕ್ಷರ ನೆನಪಾಗುತ್ತವೆ.

ಆಗ ಐದನೇ ಕ್ಲಾಸು. ದಿಬ್ಬೂರಹಳ್ಳಿಯ ಮನೆಯಲ್ಲಿ ಮಧ್ಯಾಹ್ನ ಅಜ್ಜಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಮೇಷ್ಟ್ರು ಕೊಟ್ಟ ಪದಗಳನ್ನು ಉರು ಹೊಡೆಯುತ್ತಿದ್ದೆ. ಇ, ಎ, ಟಿ. ಅವನ್ನೇ ಅದಲುಬದಲು ಮಾಡಿದರೆ ಮೂರು ಪದ.

"ಟೀ ಅಂದ್ರೆ ಟೀ. ಈಟ್ ಅಂದ್ರೆ ತಿನ್ನು. ಏಟ್ ಅಂದ್ರೆ ತಿಂದೆ."

ಅಜ್ಜಿಯ ಕೈ ಸೊಪ್ಪಿನ ಮೇಲೇ ನಿಂತಿತು. "ಏಟು ತಿಂದ್ಯಾ? ಯಾರಮ್ಮ ಹೊಡ್ದಿದ್ದು? ನಡಿ, ಕೇಳಣ."

ಅದು ಇಂಗ್ಲಿಷು ಅಂತ ಬಿಡಿಸಿ ಹೇಳಿದ ಮೇಲೆ ಹುಳುಗಳನ್ನು ನೋಡಿ ನಕ್ಕಳು. "ಹಂಗಾದ್ರೆ ಇವು ದಿನಾ ಏಟು ತಿಂತಾವೆ ಕಣೇ."

ಮರುದಿನ ಮೇಷ್ಟ್ರು ನನ್ನನ್ನೇ ಎಬ್ಬಿಸಿ, "ಏಟ್ ಅಂದ್ರೇನು?" ಅಂದರು. ಹುಳುಗಳು ಕಣ್ಣಮುಂದೆ ಬಂದು ನಗು ತಡೆಯಲಾಗಲಿಲ್ಲ. ಅರ್ಥ ಹೇಳುವ ಮೊದಲೇ ತಿಂದೆ.