ಬೂದುಗುಂಬಳದ ಹಂಸ

ವಾಚಕ ಮಹಾಶಯರೇ, ಮನುಷ್ಯನ ಅಹಂಕಾರವು ಎಷ್ಟು ಸಣ್ಣ ತಟ್ಟೆಯಲ್ಲಿ ಹಿಡಿಸಬಲ್ಲುದೆಂಬುದನ್ನು ತಾವು ಕಾಣಬಯಸುವಿರಾದರೆ, ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರ ಕ್ಲಬ್ಬೊಂದರ ಊಟದ ಮೇಜಿನ ಬಳಿಗೆ ದಯಮಾಡಿಸಬೇಕು. ಕಾಫಿಗೆ ಎಂದೂ ಕಾಣದ ಬೆಲೆ ಬಂದ ವರ್ಷವದು. ಸಾರಿಗೆ ಹಾಕಬೇಕಾದ ತರಕಾರಿಯಲ್ಲಿ ಹೂವು, ಹಕ್ಕಿ ಕೆತ್ತಿ ಮೇಜಿನ ನಡುವೆ ಇಡುವ ಹುಚ್ಚು ಎಸ್ಟೇಟಿನ ಹೆಂಗಸರಿಗೆ ಹತ್ತಿತ್ತು. ಅದಕ್ಕೊಂದು ಸ್ಪರ್ಧೆ, ಸ್ಪರ್ಧೆಗೊಂದು ಬೆಳ್ಳಿಯ ಕಪ್. ನಿಯಮ ಒಂದೇ: ಕೆತ್ತನೆ ಸ್ಪರ್ಧಿಯ ಸ್ವಂತ ಕೈಯದಾಗಿರಬೇಕು.

ಮೇಜಿನ ನಡುವೆ ಎಸ್ಟೇಟೊಂದರ ಒಡತಿ ರೂಪಶ್ರೀಯವರ ಹಂಸ ಕುಳಿತಿತ್ತು. ಬೂದುಗುಂಬಳದ ಮೈ, ಮೂಲಂಗಿಯ ಕತ್ತು, ಕ್ಯಾರೆಟ್ಟಿನ ಕೊಕ್ಕು. ಕೆತ್ತಿದವನು ನಾನು. ಮಂಗಳೂರಿನ ಹೋಟೆಲೊಂದರಲ್ಲಿ ಕಲಿತ ವಿದ್ಯೆಯನ್ನು ನಂಬಿ ಊರೂರು ಅಲೆಯುತ್ತಿದ್ದ ನನ್ನನ್ನು ಅವರು ಗುಟ್ಟಾಗಿ ಕರೆಸಿ, ಎಸ್ಟೇಟಿನ ಗೋಡೌನಿನಲ್ಲಿ ಕೂರಿಸಿ ಬಾಗಿಲು ಹಾಕಿಸಿದ್ದರು. “ಯಾರಾದ್ರೂ ಕೇಳಿದ್ರೆ ನೀನು ಗೊಬ್ಬರದ ಲೋಡಿನ ಜೊತೆ ಬಂದವನು, ಗೊತ್ತಾಯ್ತಾ?” ಲವಂಗದ ಕಣ್ಣು ಚುಚ್ಚಿದ್ದು ಮಾತ್ರ ಅವರೇ, ಹಕ್ಕಿಗೆ ಮೆಳ್ಳೆಗಣ್ಣಾಗಿತ್ತು. ಕ್ಲಬ್ಬಿನಲ್ಲಿ ನಾನು ತಟ್ಟೆ ಹೊತ್ತು ತಂದ ಆಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ.

ಹಿಂದಿನ ವರ್ಷ ಕಪ್ ಒಯ್ದವರು ರೂಪಶ್ರೀಯವರ ಓರಗಿತ್ತಿ ಸೌಂದರ್ಯ. ಈ ಸಲವೂ ಅವರೇ ಗೆದ್ದರೆ ಮತ್ತೆ ಈ ಕ್ಲಬ್ಬಿನ ಮೆಟ್ಟಿಲು ತುಳಿಯುವುದಿಲ್ಲವೆಂದು ರೂಪಶ್ರೀ ಎಲ್ಲರೆದುರು ಹೇಳಿಬಿಟ್ಟಿದ್ದರು.

“ಬಹಳ ಚೆನ್ನಾಗಿದೆ. ಇದಷ್ಟೂ ನಿಮ್ಮ ಕೈಯದೇನಾ ಮೇಡಂ?” ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ್ತಿ ಕೇಳಿದರು.

“ಮೊದಲನೇ ಕೊಯ್ತದಿಂದ ಕೊನೇ ಗರಿವರೆಗೂ ನನ್ನದೇ. ಬೇರೆ ಯಾರೂ ಮುಟ್ಟಿಲ್ಲ.”

ಕುರ್ಚಿಯೊಂದು ಕಿರ್ರೆಂದಿತು. ಎದ್ದವರು ರೂಪಶ್ರೀಯವರ ಅತ್ತೆ ತಿಮ್ಮಮ್ಮನವರು. “ಏನಂದೆ? ಇಡೀ ಕುಂಬಳಕಾಯಿಗೆ ಹೆಂಗಸಾಗಿ ನೀನೇ ಮೊದಲು ಕತ್ತಿ ಹಾಕಿದ್ಯಾ?”

ಇಂಥ ಮನೆಗಳಲ್ಲಿ ಇಡೀ ಕುಂಬಳಕಾಯಿಯನ್ನು ಹೆಂಗಸರು ಹೋಳು ಮಾಡುವಂತಿಲ್ಲ. ಮೊದಲ ಏಟನ್ನು ಗಂಡಸೇ ಹಾಕಿಕೊಡಬೇಕು. ಇಲ್ಲವಾದರೆ ಅದು ಹೆತ್ತ ಹಿರಿಮಗನ ತಲೆಗೇ ಕತ್ತಿಯಿಟ್ಟಂತೆ. ರೂಪಶ್ರೀಯವರಿಗಿದ್ದುದು ಒಬ್ಬನೇ ಮಗ, ಊಟಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ದರ್ಶನ್.

“ನಾನು ಪಪ್ಪಾಯಿಕಾಯಲ್ಲೇ ಮುಗಿಸಿದ್ದು ಅದಕ್ಕೇ ಅಕ್ಕ,” ಸೌಂದರ್ಯ ಮೆಲ್ಲಗೆ ಅಂದರು. “ನಂಗೆ ಕಪ್ಪಿಗಿಂತ ಮಗ ಹೆಚ್ಚು ನೋಡಿ.”

“ನೀನು ಸುಮ್ನಿರು! ರೂಪಾ, ಸತ್ಯ ಹೇಳು. ಗಂಡಸರು ಯಾರಾದ್ರೂ ಕೊಯ್ದು ಕೊಟ್ರಾ? ಹೌದು ಅಂದ್ಬಿಡು, ನಾನು ಸುಮ್ನೆ ಕೂತ್ಕೊಳ್ತೀನಿ.”

ಹೌದೆಂದರೆ ಕಪ್ ಹೋಗುತ್ತಿತ್ತು, ಮಗನ ತಲೆ ಉಳಿಯುತ್ತಿತ್ತು. ರೂಪಶ್ರೀಯವರಿಗೂ ಆ ನಂಬಿಕೆ ಇತ್ತೆಂಬುದು ಬೆಳ್ಳಗಾದ ಅವರ ತುಟಿಗಳಿಂದಲೇ ತಿಳಿಯುತ್ತಿತ್ತು. ಅವರ ಕಣ್ಣು ಒಮ್ಮೆ ನನ್ನ ಮೇಲೆ ಬಿತ್ತು. ಅಲ್ಲಿಂದ ಬೆಳ್ಳಿಯ ಕಪ್ಪಿನ ಕಡೆಗೆ ಜಾರಿ ಅಲ್ಲೇ ಕುಳಿತಿತು.

“ಇಲ್ಲ ಅತ್ತೆ. ನಾನೇ ಕೊಯ್ದದ್ದು.”

ಚಪ್ಪಾಳೆಯ ನಡುವೆ ಕಪ್ ಅವರ ಕೈಸೇರಿತು. ತಿಮ್ಮಮ್ಮನವರು ಚಪ್ಪಾಳೆ ತಟ್ಟಲಿಲ್ಲ. ಹಂಸವನ್ನು ತಟ್ಟೆಸಮೇತ ಹೊರಗಿನ ಪೋರ್ಟಿಕೋಗೆ ಎತ್ತಿಸಿದರು. ಅದರ ಟೊಳ್ಳು ಹೊಟ್ಟೆಗೆ ಕುಂಕುಮ ಸುರಿದು, ಕಪ್ ಹಿಡಿದೇ ನಿಂತಿದ್ದ ಸೊಸೆಗೆ ನಿವಾಳಿಸಿ, ತಮ್ಮ ಮಗನನ್ನು ಕರೆದರು. “ರಾಜೀವ, ಬಾ ಇಲ್ಲಿ. ಉಳಿದದ್ದನ್ನ ಗಂಡಸು ಒಡೆದ್ರೆ ದೋಷ ಕಳೀತದೆ. ನಿನ್ನ ಮಗನಿಗೋಸ್ಕರ ಒಡಿ.”

ರೂಪಶ್ರೀಯವರ ಯಜಮಾನರಾದ ರಾಜೀವರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಡಲಿಲ್ಲ. “ಬಿಳಿ ಸೂಟು ಹಾಕಿದೀನಿ ಅಮ್ಮ, ಕುಂಕುಮ ಹಾರ್ತದೆ. ಆ ಆಳಿಗೆ ಹೇಳಿ.”

ನನಗೆ ಹೇಳಿದರು. ನಾನು ಹಂಸವನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆತ್ತಿ ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದೆ. ರೆಕ್ಕೆಗಳು ಕೆಂಪಾಗಿ ಚೆದುರಿದವು. ಮೂಲಂಗಿಯ ಕತ್ತು ಉರುಳಿಹೋಗಿ ಯಾವುದೋ ಕಾರಿನಡಿ ಸೇರಿತು.

ತಿಮ್ಮಮ್ಮನವರು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. “ಒಳ್ಳೇದಾಯ್ತು ಮಾರಾಯ. ಅಂತೂ ಕೊನೆಗಾದ್ರೂ ಒಂದು ಗಂಡಸಿನ ಕೈ ತಾಗ್ತಲ್ಲ.”

ರೂಪಶ್ರೀ ನನ್ನತ್ತ ನೋಡಲಿಲ್ಲ. ಕಪ್ಪಿನ ಮೇಲೆ ಸಿಡಿದಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ಉಜ್ಜುತ್ತಿದ್ದರು. ಅದು ಹೋಗುವುದನ್ನು ಕಾಯದೆ, ನಾನು ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದ ನನ್ನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಕಳಸದ ಬಸ್ಸಿಗೆ ನಡೆದೆ.