ಗೆದ್ದಲೂ ಮೂಸದ ಮರ

“ಮತ್ತೆ ಬೆಳ್ಳುಳ್ಳಿ ವಾಸನೆ! ನಿಜ ಹೇಳಿ, ಯಾರ ಮನೇಲಿ ಉಂಡು ಬಂದ್ರಿ?” ಬಡಗಿಯ ಹೆಂಡತಿ ಮೂಗು ಮುಚ್ಚಿಕೊಂಡಳು.

“ನಿನ್ನಾಣೆಗೂ ಇಲ್ಲ ಕಣೇ, ಹೊಟ್ಟೆ ಸಂಕಟಕ್ಕೆ ನೀರೂ ಇಳೀತಿಲ್ಲ” ಎನ್ನುತ್ತ ಬಡಗಿ ಜೋಮು ಹಿಡಿದ ಬೆರಳುಗಳನ್ನು ತಿಕ್ಕಿಕೊಂಡು, ಒಲೆಗೆ ಇನ್ನೊಂದು ಹಸಿರು ಛಾಯೆಯ ಹಲಗೆ ತುಂಡು ತುರುಕಿದ. ಕೆಲಸದ ಜಾಗದಲ್ಲಿ ಪುಕ್ಕಟೆ ಸಿಕ್ಕಿದ್ದು, ಗೆದ್ದಲು ಕೊಲ್ಲುವ ಆರ್ಸೆನಿಕ್ ಔಷಧಿಯಲ್ಲಿ ನೆನೆಸಿದ ಮರ. “ಗೆದ್ದಲೂ ಮೂಸಲ್ಲ ಇದನ್ನ” ಎಂದು ಬೀಗುತ್ತಿದ್ದ.

ಹೊಗೆಗೆ ಮಗು ಕೆಮ್ಮುತ್ತ ಎದ್ದಿತು. ಎತ್ತಿಕೊಂಡು ಮುದ್ದಿಡಲು ಬಾಗಿದವಳು ಅಲ್ಲೇ ತಡೆದು ನಿಂತಳು. “ರೀ, ಇದು ನನ್ನ ಹಾಲು ಬಿಟ್ಟು ಬೇರೇನೂ ಕಂಡಿಲ್ಲ. ಇದರ ಬಾಯಲ್ಲೂ ಅದೇ ವಾಸನೆ ಬರ್ತಿದೆ.”

ಬಡಗಿಯ ಕಣ್ಣು ಒಲೆಯತ್ತ ಹೊರಳಿತು; ಹೊಗೆಗೂ ಅದೇ ಬೆಳ್ಳುಳ್ಳಿ ಘಾಟು. ಉರಿಯುತ್ತಿದ್ದ ಹಲಗೆಯನ್ನು ಬರಿಗೈಯಲ್ಲೇ ಹಿಡಿದೆಳೆದು ಅಂಗಳಕ್ಕೆ ಎಸೆದ. “ರೀ, ಕೈ!” ಎಂದು ಅವಳು ಚೀರಿದಳು. ಅಂಗೈ ಸುಟ್ಟು ಬೊಬ್ಬೆ ಏಳುತ್ತಿತ್ತು. ಜೋಮು ಹಿಡಿದ ಆ ಕೈಗೆ ಉರಿಯೇ ಗೊತ್ತಾಗಲಿಲ್ಲ.