ಒಂದೇ ಹಲಗೆ

“ಅಂಚು ಮುಂಗೈಗೆ ಒತ್ತುತ್ತೆ ಕಣ್ರೀ. ಇಷ್ಟು ಜಾಗ ಕೆರೆದುಕೊಟ್ಬಿಡಿ, ಈಗಲೇ ತಗೊಂಡು ಹೋಗ್ತೀನಿ,” ಎಂದು ವಾದಕ ಬೇಸ್ ಗಿಟಾರನ್ನು ಕೆಲಸದ ಮೇಜಿನ ಮೇಲೆ ಮಲಗಿಸಿದ. ಅಂಗಡಿಯ ಯಜಮಾನನ ಮುಖ ಕಪ್ಪಿಟ್ಟಿತು. ಪಕ್ಕದಲ್ಲಿದ್ದ ಅವನ ಅಳಿಯ ತಲೆ ಎತ್ತಲಿಲ್ಲ.

ಅರ್ಧ ಗಂಟೆಯಿಂದ ವಾದಕ ಗೋಡೆಯ ಮೇಲಿದ್ದ ಗಿಟಾರುಗಳನ್ನೆಲ್ಲ ಇಳಿಸಿ ನುಡಿಸಿ ನೋಡಿದ್ದ. ಮಹಾಗನಿಯದು ಹಿಡಿಸಲಿಲ್ಲ, ಉಳಿದವೂ ಅಷ್ಟೇ. ಈ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಮೀಟಿದ್ದೇ ತಡ, ಕಣ್ಣು ಮುಚ್ಚಿ ನಿಂತುಬಿಟ್ಟ. ಯಾವ ಮರ ಎಂದು ಕೇಳಿದ್ದಕ್ಕೆ ಮಾವ ತೊದಲದೆ ಹೇಳಿದ್ದ: “ಆಶ್ ಸಾರ್, ಫಾರಿನ್ ಮರ. ಒಂದೇ ಹಲಗೆ. ನೂರು ವರ್ಷದ ಮರ. ನಾನೇ ಕೈಯಾರೆ ಕೆತ್ತಿದ್ದು.”

ಅದು ಪ್ಲೈವುಡ್. ಯಾರದೋ ಅಡುಗೆಮನೆಯ ಕಪಾಟು ಮಾಡಿ ಮಿಕ್ಕ ತುಂಡುಗಳು. ಅವನ್ನು ಒಂದರ ಮೇಲೊಂದು ಅಂಟಿಸಿ, ಕ್ಲಾಂಪಿನಲ್ಲಿ ಬಿಗಿದು, ನಾದ ಮನಸ್ಸಿಗೆ ಒಪ್ಪದೆ ಮೂರು ಸಲ ಹೊಸದಾಗಿ ಕತ್ತರಿಸಿ, ಕೊನೆಗೆ ಮೇಲೂ ಕೆಳಗೂ ಕಾಗದದಷ್ಟು ತೆಳ್ಳಗಿನ ಆಶ್ ಮರದ ಹೊದಿಕೆ ಹಾಕಿದವನು ಅಳಿಯ. ಪದರಗಳು ಕಾಣದಂತೆ ಅಂಚಿಗೆ ಕಪ್ಪು ಬಳಿದದ್ದಷ್ಟೇ ಮಾವನ ಪಾಲು. ಎಂಟು ವರ್ಷದಿಂದ ಹೀಗೇ. ಕೆಲಸ ಅಳಿಯನದು, ಮಾತು ಮಾವನದು. ಇವನು ಯಾರೆಂದು ಗಿರಾಕಿ ಕೇಳಿದರೆ, ‘ನಮ್ಮಳಿಯ, ಪಾಲಿಶ್ ಹಚ್ಚೋಕೆ ಇದಾನೆ.’

“ಇವತ್ತು ಬೇಡ ಸಾರ್, ಬಣ್ಣ ಹಾಳಾಗುತ್ತೆ. ನಾಳೆ ಮಾಡಿಸಿಡ್ತೀನಿ,” ಎಂದ ಮಾವ.

“ಸಂಜೆ ನುಡಿಸ್ಬೇಕು ನಾನು. ಬಣ್ಣ ಕಟ್ಕೊಂಡು ಏನಾಗ್ಬೇಕು? ಒಂದೇ ಹಲಗೆ ಅಂದ್ರಲ್ಲ, ಕೆರೆದ್ರೆ ಒಳಗೂ ಅದೇ ಮರ ತಾನೆ?”

ಅಳಿಯ ಮೇಜಿನ ಮೇಲಿದ್ದ ಅರವನ್ನು ಕೈಗೆತ್ತಿಕೊಂಡ. ಮಾವ ಸರ್ರನೆ ಬಂದು ಅವನ ಮಣಿಕಟ್ಟು ಹಿಡಿದ. ಗಿರಾಕಿಯತ್ತ ನಗುತ್ತಲೇ, ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದ: “ಕೆಳಗಿಡು. ಮಗಳ ಮುಖ ನೋಡಿ ಇಟ್ಕೊಂಡಿದೀನಿ ನಿನ್ನ. ಮುಟ್ಟಿದ್ಯೋ, ಇವತ್ತೇ ಹೊರಗೆ.”

“ಕೈ ಬಿಡಿ ಮಾವ. ಅರ ಜಾರಿದ್ರೆ ನಿಮ್ ಬೆರಳಿನ ಸಿಪ್ಪೆ ಹೋಗುತ್ತೆ.”

ಹಿಡಿತ ಸಡಿಲವಾಯಿತು. ಮೊದಲ ಉಜ್ಜಿಗೆ ಕಪ್ಪು ಬಣ್ಣ ಹಾರಿತು. ಎರಡನೆಯದಕ್ಕೆ ಆಶ್ ಹೊದಿಕೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಮೂರನೆಯದಕ್ಕೆ ಗೆರೆಗಳು ಕಂಡವು: ಬಿಳಿ, ಕಂದು, ಬಿಳಿ, ಕಂದು. ಅಳಿಯ ನಿಲ್ಲಿಸಲಿಲ್ಲ. ಎಂಟು ವರ್ಷ ನುಂಗಿದ್ದೆಲ್ಲ ರಟ್ಟೆಗೆ ಇಳಿದಂತೆ ಉಜ್ಜಿದ.

ವಾದಕ ಬಗ್ಗಿ, ಆ ಗೆರೆಗಳ ಮೇಲೆ ಹೆಬ್ಬೆರಳು ಎಳೆದ. ತಲೆ ಎತ್ತಿದಾಗ ಅವನ ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

“ಯಾರ ಕೆಲಸ ಇದು?”

“ಇವನದೇ ಸಾರ್!” ಮಾವ ಎರಡು ಹೆಜ್ಜೆ ಹಿಂದೆ ಸರಿದು ಅಳಿಯನತ್ತ ಬೆರಳು ಚಾಚಿದ. “ದೇವರಾಣೆ ನನಗೇನೂ ಗೊತ್ತಿಲ್ಲ. ಮೊದಲಿಂದ ಕೊನೇವರೆಗೂ ಇವನೊಬ್ಬನೇ ಮಾಡಿದ್ದು. ನಾನು ಕೈ ಕೂಡ ಹಚ್ಚಿಲ್ಲ.”

ಅಳಿಯ ಅರವನ್ನು ಕೆಳಗಿಟ್ಟ. ಅಂಗೈಯ ಮರದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಾವನ ಕಣ್ಣನ್ನೇ ನೋಡಿದ.

“ಅದನ್ನೇ ಇನ್ನೊಂದ್ಸಲ ಹೇಳಿ ಮಾವ. ಜೋರಾಗಿ.”